ಎಲಿಪ್ಟಿಕಲ್ ಕಿರುಗುಟ್ಟಿದರೆ ಎಣ್ಣೆಯೇ ಮದ್ದಲ್ಲ

ಅಮೆರಿಕದ ಪ್ರಿಕಾರ್ ಕಂಪನಿ 1995ರಲ್ಲಿ ಎಲಿಪ್ಟಿಕಲ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದು ದೊಡ್ಡ ಜಿಮ್‌ಗಳ ಸೊತ್ತಾಗಿತ್ತು. ಈಗ ‘ಕ್ರಾಸ್ ಟ್ರೈನರ್’ ಎಂಬ ಹೆಸರಿನಲ್ಲಿ ನಮ್ಮ ಫ್ಲ್ಯಾಟುಗಳ ಹಾಲ್, ಬಾಲ್ಕನಿಗಳಿಗೂ ಬಂದು ಕೂತಿದೆ. ಪಾದ ಪೆಡಲ್ ಬಿಟ್ಟು ಮೇಲೇಳುವುದಿಲ್ಲ, ಹಾಗಾಗಿ ಓಟದಷ್ಟು ಪೆಟ್ಟು ಮಂಡಿಗೆ ಬೀಳುವುದಿಲ್ಲ ಎಂಬ ಕಾರಣಕ್ಕೇ ಹೆಚ್ಚಿನವರು ಇದನ್ನು ಕೊಳ್ಳುವುದು. ಕೆಲವು ತಿಂಗಳು ಕಳೆದ ಮೇಲೆ ಕೇಳಿಬರುವ ದೂರುಗಳೂ ಬೆರಳೆಣಿಕೆಯವು: ಸದ್ದು, ಅಲುಗಾಟ, ಪರದೆಯಲ್ಲಿ ಏನೂ ಕಾಣದಿರುವುದು. ಬಹುತೇಕ ಸಲ ಇವುಗಳ ಮೂಲ ಕೊಳೆ, ಸಡಿಲಾದ ಬೋಲ್ಟು ಅಥವಾ ಕಳಚಿದ ವೈರು. ಆದರೆ ಮೂಲ ಹುಡುಕದೆ ಮಾಡುವ ಮದ್ದು ಯಂತ್ರವನ್ನು ನಿಜವಾಗಿ ಕೆಡಿಸುತ್ತದೆ. ಅಂಥ ಮದ್ದುಗಳ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಸದ್ದು ಬಂದರೆ ಎಣ್ಣೆ ಬಿಟ್ಟರಾಯಿತು.

ಸತ್ಯ: ಎಣ್ಣೆ, ಗ್ರೀಸಿನಿಂದ ಹೋಗುವ ಸದ್ದು ಹಲವು ಸದ್ದುಗಳಲ್ಲಿ ಒಂದು ಮಾತ್ರ. ಕೈಹಿಡಿಯ ಕಂಬ, ಪೆಡಲ್ ತೋಳು ಸೇರುವ ಕೀಲುಗಳಲ್ಲಿ ಬುಷ್ ಒಣಗಿದಾಗ ಕಿರ್ರ್ ಎನ್ನುತ್ತದೆ. ಅಲ್ಲಿ ಗ್ರೀಸ್ ಬೇಕು. ಪ್ರತಿ ಸುತ್ತಿಗೆ ಒಂದೇ ಸಲ ‘ಟಕ್’ ಎಂದರೆ ಕ್ರ್ಯಾಂಕ್ ಅಥವಾ ಪೆಡಲ್ ತೋಳಿನ ಬೋಲ್ಟು ಸಡಿಲವಾಗಿರಬಹುದು. ಅಲ್ಲಿ ಎಷ್ಟು ಎಣ್ಣೆ ಸುರಿದರೂ ಬೋಲ್ಟು ಬಿಗಿಯಾಗದು. ಗರಗರ ಸದ್ದು ಸವೆದ ಬೇರಿಂಗಿನ ಸೂಚನೆ. ಜೋರಾಗಿ ತುಳಿದಾಗ ಮಾತ್ರ ಚೀಂವ್‌ಗುಟ್ಟಿ ಪೆಡಲ್ ಜಾರಿದಂತಾದರೆ ಒಳಗಿನ ಬೆಲ್ಟು ಸಡಿಲಾಗಿದೆ ಎಂದು ಅನುಮಾನಿಸಬೇಕು. ಬೆಲ್ಟಿಗೆ ಎಣ್ಣೆ ತಗುಲಿದರೆ ಅದು ಇನ್ನಷ್ಟು ಜಾರುತ್ತದೆ.

ಮೂಲ ಹುಡುಕುವುದು ಕಷ್ಟವಲ್ಲ. ಯಂತ್ರದಿಂದ ಕೆಳಗಿಳಿದು, ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಆಗಲೂ ಸದ್ದು ಬಂದರೆ ಅದು ಬೆಲ್ಟು, ಬೇರಿಂಗ್ ಅಥವಾ ಒಳಗೆ ಉಜ್ಜುತ್ತಿರುವ ಪ್ಲಾಸ್ಟಿಕ್ ಕವಚದ್ದಾಗಿರಬಹುದು. ಮೈಭಾರ ಬಿದ್ದಾಗ ಮಾತ್ರ ಬಂದರೆ ಮೊದಲು ಕೀಲು, ಬೋಲ್ಟು, ನೆಲ ಇವುಗಳನ್ನು ನೋಡಿ. ಇನ್ನೊಬ್ಬರು ತುಳಿಯುವಾಗ ಪಕ್ಕದಲ್ಲಿ ಸ್ವಲ್ಪ ದೂರ ನಿಂತು ಕಿವಿಗೊಟ್ಟರೆ ಸದ್ದು ಎಡದ್ದೋ ಬಲದ್ದೋ ಎಂಬುದೂ ತಿಳಿಯುತ್ತದೆ. ತಿರುಗುವ ಭಾಗಗಳ ಹತ್ತಿರ ಕೈ, ತಲೆ ಒಯ್ಯಬೇಡಿ.

ತಪ್ಪು ಕಲ್ಪನೆ: ಕೊಬ್ಬರಿ ಎಣ್ಣೆಯೋ ಡಬ್ಲ್ಯುಡಿ-40ಯೋ, ಮನೆಯಲ್ಲಿರುವುದು ಯಾವುದಾದರೂ ನಡೆಯುತ್ತದೆ.

ಸತ್ಯ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜನವರಿಯ ಬೆಳಗ್ಗೆ ಬೆಂಗಳೂರಿನಲ್ಲಿ ಡಬ್ಬಿಯಿಂದಲೇ ಇಳಿಯದ ಎಣ್ಣೆ ಯಂತ್ರದ ಕೀಲಿನೊಳಗೆ ಹರಿದಾಡುವುದು ಹೇಗೆ? ಹೊಲಿಗೆ ಯಂತ್ರದ ಎಣ್ಣೆಯದು ಇನ್ನೊಂದು ತೊಂದರೆ. ಅದು ತೀರ ತೆಳು. ಮೈಭಾರ ಹೊರುವ ಕೀಲಿನಲ್ಲಿ ಬಹುಕಾಲ ನಿಲ್ಲದು.

ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯುವುದು ಅದರ ಮೂಲ ಉದ್ದೇಶ. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಅದು ಒಳ್ಳೆಯ ಸಾಧನ. ಆದರೆ ಅದರಲ್ಲಿರುವ ದ್ರಾವಕ ಕೀಲಿನೊಳಗಿನ ಗ್ರೀಸನ್ನು ಕರಗಿಸಿ ಹೊರಹಾಕುತ್ತದೆ, ಉಳಿಯುವ ತೆಳು ಪದರ ಆ ಗ್ರೀಸಿನ ಕೆಲಸ ಮಾಡಲಾರದು. ಸಿಂಪಡಿಸಿದ ದಿನ ಸದ್ದು ನಿಂತು, ಕೆಲವೇ ದಿನಗಳಲ್ಲಿ ಹಿಂದಿಗಿಂತ ಜೋರಾಗಿ ಮರಳುವುದು ಇದೇ ಕಾರಣಕ್ಕೆ.

ಎರಡೂ ಬದಿ ಮುಚ್ಚಿದ ಸೀಲ್ಡ್ ಬೇರಿಂಗುಗಳಿಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತಾರೆ. ಅವುಗಳಿಗೆ ಹೊರಗಿನಿಂದ ಏನನ್ನೂ ಸಿಂಪಡಿಸಬೇಕಿಲ್ಲ. ಸವೆದರೆ ಬದಲಿಸುವುದೇ ದಾರಿ. ಕೀಲುಗಳಿಗೆ ಮಾರ್ಗದರ್ಶಿ ಪುಸ್ತಿಕೆ ಹೇಳುವ ಗ್ರೀಸ್ ಹಚ್ಚಿ, ಅದೂ ಹಳೆಯ ಜಿಡ್ಡು ಒರೆಸಿ ತೆಗೆದ ಮೇಲೆ. ಇನ್ನು ರೋಲರುಗಳು ಓಡುವ ಹಳಿಗಳಿರುವ ಮಾದರಿಯಾದರೆ ಹಳಿಗೆ ಮೊದಲು ಬೇಕಾದದ್ದು ಒರೆಸುವ ಬಟ್ಟೆ. ಧೂಳು, ಕೂದಲು, ರೋಲರಿನ ಸವಕಳಿ ಸೇರಿ ಅಲ್ಲಿ ಕಪ್ಪು ಪದರ ಕಟ್ಟುತ್ತದೆ. ಅದರ ಮೇಲೆ ಎಣ್ಣೆ ಬಿದ್ದರೆ ಮರಳುಕಾಗದದಂತಾಗಿ ರೋಲರನ್ನೇ ತಿನ್ನುತ್ತದೆ. ಒರೆಸಿದ ಮೇಲೆ ತೆಳ್ಳಗೆ ಸಿಲಿಕಾನ್ ಹಚ್ಚಬೇಕೇ, ಒಣಗಿಯೇ ಇರಬೇಕೇ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಟ್ರೆಡ್‌ಮಿಲ್ಲಿನ ಪಟ್ಟಿಯಡಿ ಸಿಲಿಕಾನ್ ಹಾಕುತ್ತಾರೆಂದು ಇಲ್ಲಿಯೂ ಹಾಕಬೇಕೆಂದೇನಿಲ್ಲ.

ತಪ್ಪು ಕಲ್ಪನೆ: ಪೆಡಲ್ ಭಾರವಾಗುತ್ತಿಲ್ಲವೆಂದರೆ ಒಳಗಿನ ಅಯಸ್ಕಾಂತ ಸವೆದಿದೆ.

ಸತ್ಯ: ಮ್ಯಾಗ್ನೆಟಿಕ್ ಎಲಿಪ್ಟಿಕಲ್‌ನಲ್ಲಿ ಅಯಸ್ಕಾಂತ ಫ್ಲೈವ್ಹೀಲನ್ನು ಮುಟ್ಟುವುದೇ ಇಲ್ಲ, ಸವೆಯುವ ಮಾತೆಲ್ಲಿ? ಚಕ್ರದ ಲೋಹ ಅಯಸ್ಕಾಂತದ ಬಳಿ ತಿರುಗುವಾಗ ಅದರಲ್ಲಿ ಸುಳಿ ವಿದ್ಯುತ್ತು ಹುಟ್ಟಿ ತಿರುಗುವಿಕೆಯನ್ನು ತಡೆಯುತ್ತದೆ. ಅಯಸ್ಕಾಂತ ಹತ್ತಿರ ಬಂದಷ್ಟೂ ತಡೆ ಹೆಚ್ಚು, ದೂರ ಸರಿದಷ್ಟೂ ಕಡಿಮೆ. ಹಾಗೆ ಸರಿಸುವ ಕೆಲಸ ತಿರುಗುಗುಂಡಿಗೆ ಕಟ್ಟಿದ ಕೇಬಲ್ಲಿನದು ಅಥವಾ ಪುಟ್ಟ ಮೋಟಾರಿನದು. ಭಾರ ಬದಲಾಗದಿದ್ದರೆ ಕೇಬಲ್ ಕಳಚಿದೆಯೇ, ಸಡಿಲಾಗಿದೆಯೇ, ಮೋಟಾರಿನ ವೈರು ಕೂಡಿದೆಯೇ ಎಂದು ನೋಡಬೇಕು. ಯಂತ್ರ ಜೋಡಿಸುವಾಗ ಕಂಬದ ನಡುವೆ ಕೇಬಲ್ ಸೇರಿಸುವ ಕೊಕ್ಕೆ ಸರಿಯಾಗಿ ಕೂರದಿರುವುದೂ ಉಂಟು.

ಇನ್ನೊಂದು ಮಾತು. ಸುಳಿ ವಿದ್ಯುತ್ತಿನ ತಡೆ ವೇಗದೊಂದಿಗೆ ಏರುತ್ತದೆ. ಮೇಲಿನ ಲೆವೆಲ್‌ನಲ್ಲಿಟ್ಟು ನಿಧಾನವಾಗಿ ತುಳಿದರೆ ಪೆಡಲ್ ಹಗುರವೆನಿಸುವುದು ಯಂತ್ರದ ಗುಣವೇ ಹೊರತು ದೋಷವಲ್ಲ.

ತಪ್ಪು ಕಲ್ಪನೆ: ಪರದೆಯಲ್ಲಿ ಏನೂ ಬಾರದಿದ್ದರೆ ಬೋರ್ಡು ಸುಟ್ಟಿದೆ.

ಸತ್ಯ: ಬೋರ್ಡಿಗೆ ಹಣ ಕೊಡುವ ಮುನ್ನ ಬ್ಯಾಟರಿ ಬದಲಿಸಿ. ಸಾಕಷ್ಟು ಮನೆಬಳಕೆಯ ಮಾದರಿಗಳ ಪರದೆ ನಡೆಯುವುದು ಸಾಮಾನ್ಯ ಪೆನ್ಸಿಲ್ ಸೆಲ್ಲಿನಿಂದ. ಅಡಾಪ್ಟರ್ ಇದ್ದರೆ ಬೇರೆ ಸಾಕೆಟ್ಟಿಗೆ ಹಾಕಿ ನೋಡಿ. ತುಳಿಯುವವರೇ ವಿದ್ಯುತ್ ಉತ್ಪಾದಿಸುವ ಮಾದರಿಯಾದರೆ ತುಳಿಯದೆ ಪರದೆ ಬೆಳಗದು. ಪರದೆ ಬೆಳಗಿ, ವೇಗ ಮಾತ್ರ ಸೊನ್ನೆ ತೋರಿಸಿದರೆ ಅನುಮಾನ ಸೆನ್ಸರ್ ಮೇಲೆ. ತಿರುಗುವ ಭಾಗದಲ್ಲಿರುವ ಪುಟ್ಟ ಅಯಸ್ಕಾಂತ ಅದರ ಮುಂದೆ ಹಾದುಹೋದಾಗಲೆಲ್ಲ ಅದು ಸುತ್ತು ಎಣಿಸುತ್ತದೆ. ಅಯಸ್ಕಾಂತ ಕಳಚಿದರೆ, ಸೆನ್ಸರ್ ಸ್ವಲ್ಪ ಸರಿದರೆ ಲೆಕ್ಕ ನಿಂತುಹೋಗುತ್ತದೆ.

ಅಮೆರಿಕದಿಂದ ಮರಳುವಾಗ ಯಂತ್ರವನ್ನೂ ಹೊತ್ತು ತಂದ ಕನ್ನಡಿಗರು ಅಡಾಪ್ಟರಿನ ಮೇಲಿನ ಬರಹ ಓದಲೇಬೇಕು. ಅಲ್ಲಿನ ಮನೆಗಳಲ್ಲಿ 120 ವೋಲ್ಟ್, ಇಲ್ಲಿ 230 ವೋಲ್ಟ್. ಅಡಾಪ್ಟರ್ 100ರಿಂದ 240 ವೋಲ್ಟಿನದಾಗಿದ್ದರೆ ಚಿಂತೆಯಿಲ್ಲ. 120 ಎಂದಷ್ಟೇ ಇದ್ದರೆ ನೇರ ಚುಚ್ಚಬೇಡಿ.

ತಪ್ಪು ಕಲ್ಪನೆ: ನಾಡಿ, ಕ್ಯಾಲೊರಿ ಏರುಪೇರಾಗಿ ತೋರಿಸಿದರೆ ಯಂತ್ರ ಕೆಟ್ಟಿದೆ.

ಸತ್ಯ: ಹಿಡಿಯಲ್ಲಿರುವ ಲೋಹದ ಪಟ್ಟಿ ಅಂಗೈ ಮೂಲಕ ಹೃದಯದ ಸೂಕ್ಷ್ಮ ವಿದ್ಯುತ್ ಸಂಕೇತ ಓದುತ್ತದೆ. ಕೈ ಒಣಗಿದ್ದರೆ, ಕ್ರೀಮ್ ಹಚ್ಚಿದ್ದರೆ, ಹಿಡಿತ ಸಡಿಲವಾದರೆ ಅಂಕಿ ತಪ್ಪುತ್ತದೆ. ಪಟ್ಟಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನೋಡಿ. ಕ್ಯಾಲೊರಿಯಂತೂ ಯಾವಾಗಲೂ ಅಂದಾಜೇ.

ತಪ್ಪು ಕಲ್ಪನೆ: ಯಂತ್ರ ಅಲುಗಾಡಿದರೆ ಬೋಲ್ಟುಗಳನ್ನು ಶಕ್ತಿಮೀರಿ ಬಿಗಿಯಬೇಕು.

ಸತ್ಯ: ಮೊದಲು ನೋಡಬೇಕಾದದ್ದು ನೆಲ. ನಾಲ್ಕೂ ಪಾದ ನೆಲಕ್ಕೆ ತಾಗುವವರೆಗೆ ಕೆಳಗಿನ ತಿರುಪು ಹೊಂದಿಸಿ. ನುಣುಪಾದ ಗ್ರಾನೈಟ್, ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿದರೆ ಜಾರುವುದೂ ತಪ್ಪುತ್ತದೆ, ಕೆಳಮನೆಯವರಿಗೆ ಕಂಪನವೂ ಕಡಿಮೆ. ಬೋಲ್ಟುಗಳು ಬಿಗಿಯಾಗಿರಬೇಕು ನಿಜ. ಆದರೆ ಕೀಲಿನ ಬೋಲ್ಟನ್ನು ಅತಿಯಾಗಿ ಬಿಗಿದರೆ ಬುಷ್ ಹಿಂಡಿಹೋಗಿ ಪೆಡಲೇ ಬಿಗಿಯುತ್ತದೆ. ಹಲವು ಮಾದರಿಗಳಲ್ಲಿ ಎಡಗಡೆಯ ಪೆಡಲ್ ತಿರುಪು ಸೈಕಲ್ಲಿನಂತೆ ಉಲ್ಟಾ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಿಗಿಯಾಗುತ್ತದೆ. ತಿಳಿಯದೆ ಬಲವಂತ ಮಾಡಿದರೆ ಕ್ರ್ಯಾಂಕಿನ ಮರೆ ಹೋಗುತ್ತದೆ, ಆಮೇಲೆ ಕ್ರ್ಯಾಂಕನ್ನೇ ಬದಲಿಸಬೇಕಾಗಬಹುದು. ಸಡಿಲವಾದ ಪೆಡಲ್ ತುಳಿಯುತ್ತ ಹೋದರೂ ಇದೇ ಗತಿ.

ತಪ್ಪು ಕಲ್ಪನೆ: ಬಳಸದೆ ಇಟ್ಟರೆ ಯಂತ್ರ ಹೊಸದಾಗಿಯೇ ಉಳಿಯುತ್ತದೆ.

ಸತ್ಯ: ನಮ್ಮ ಮನೆಗಳಲ್ಲಿ ಬಳಸದ ಎಲಿಪ್ಟಿಕಲ್ ಬಟ್ಟೆ ಒಣಹಾಕುವ ಕಂಬವಾಗುತ್ತದೆ. ಒದ್ದೆ ಟವೆಲಿನ ನೀರು ಕೀಲಿಗಿಳಿದು ತುಕ್ಕಾಗುತ್ತದೆ. ಮರೆತ ಸೆಲ್ಲು ಸೋರಿ ಪರದೆಯ ಲೋಹದ ತುದಿಗಳನ್ನು ತಿನ್ನುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಬಾಲ್ಕನಿಯ ಯಂತ್ರಕ್ಕೆ ಬೇಗ ತುಕ್ಕು ಬರುತ್ತದೆ. ಬಳಸುವವರ ಬೆವರಿನಲ್ಲೂ ಉಪ್ಪಿದೆ; ವ್ಯಾಯಾಮ ಮುಗಿದ ಕೂಡಲೇ ಒರೆಸಬೇಕು.

ತಪ್ಪು ಕಲ್ಪನೆ: ಮೆಕ್ಯಾನಿಕ್ ಬಂದು ಹೋದರೆ ನಮ್ಮ ಕೆಲಸ ಮುಗಿಯಿತು.

ಸತ್ಯ: ಪ್ರತಿದಿನ ಬೆವರು ಒರೆಸುವುದು, ವಾರಕ್ಕೊಮ್ಮೆ ಹಳಿ, ರೋಲರ್ ಶುಚಿ ಮಾಡುವುದು, ತಿಂಗಳಿಗೊಮ್ಮೆ ಬೋಲ್ಟುಗಳನ್ನು ಕೈಯಾಡಿಸಿ ನೋಡುವುದು ಮನೆಯವರ ಕೆಲಸ. ಬೆಲ್ಟು, ಬೇರಿಂಗ್, ಕ್ರ್ಯಾಂಕ್ ಮೆಕ್ಯಾನಿಕ್‌ನ ಪಾಲು. ಕವಚ ತೆರೆಯುವುದಾದರೆ ಮೊದಲು ಅಡಾಪ್ಟರ್ ಕಿತ್ತು, ಚಕ್ರ ಪೂರ್ತಿ ನಿಂತಿದೆಯೆಂದು ಖಚಿತಪಡಿಸಿಕೊಳ್ಳಿ. ವಾರಂಟಿ ಇರುವಾಗ ನೀವೇ ತೆರೆದರೆ ಅದು ರದ್ದಾಗಬಹುದು. ಮನೆಬಳಕೆಯ ಯಂತ್ರವನ್ನು ಅಪಾರ್ಟ್‌ಮೆಂಟಿನ ಜಿಮ್ಮಿಗೆ ಕೊಟ್ಟರೂ ಸಾಮಾನ್ಯವಾಗಿ ವಾರಂಟಿ ಸಿಗದು. ಪೆಡಲ್, ತೋಳುಗಳ ಸಂದಿಯಲ್ಲಿ ಮಕ್ಕಳ ಬೆರಳು ಸಿಕ್ಕುವ ಅಪಾಯವಿದೆ, ಅವರನ್ನು ದೂರವಿಡಿ.

ಮುಂದಿನ ಸಲ ಯಂತ್ರ ಕಿರ್ರೆಂದಾಗ ಎಣ್ಣೆಯ ಡಬ್ಬಿಗೆ ಕೈ ಹಾಕಬೇಡಿ. ಮೊದಲು ಇಳಿದು ಕಿವಿಗೊಡಿ, ಒರೆಸಿ, ಬೋಲ್ಟು ನೋಡಿ, ಮಾರ್ಗದರ್ಶಿ ಪುಸ್ತಿಕೆ ತೆರೆಯಿರಿ. ಆಮೇಲೂ ಸದ್ದು ಉಳಿದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಸದ್ದು ಎಲ್ಲಿಂದ, ಯಾವಾಗ ಬರುತ್ತದೆಂದು ಹೇಳಿ. ಅರ್ಧ ರಿಪೇರಿ ಅಲ್ಲೇ ಆದಂತೆ.