ಶೀರ್‌ಖುರ್ಮಾಗೆ ಮೊದಲು ಫಿತ್ರಾ

ರಂಜಾನ್ ಕೊನೆಯ ವಾರ ಬಂತೆಂದರೆ ಮನೆಯೊಡತಿಗೆ ಬಿಡುವೇ ಇಲ್ಲ. ಮಕ್ಕಳ ಬಟ್ಟೆ ಹೊಲಿಸಬೇಕು, ಶೀರ್‌ಖುರ್ಮಾಗೆ ಶ್ಯಾವಿಗೆ, ಖರ್ಜೂರ, ಗೋಡಂಬಿ ತರಬೇಕು, ಚಾಂದ್‌ರಾತ್‌ಗೆ ಮೆಹಂದಿ ಬೇರೆ! ಈ ಗಡಿಬಿಡಿಯಲ್ಲಿ ಫಿತ್ರಾ ನೆನಪಾಗುವುದು ಹಬ್ಬದ ಬೆಳಿಗ್ಗೆ, ಮನೆಯವರು ಈದ್ಗಾಕ್ಕೆ ಹೊರಟು ಚಪ್ಪಲಿ ಮೆಟ್ಟುವಾಗ. ಆಗ ಕೊಟ್ಟರೆ ಪಡೆದವರು ಸಾಮಾನು ತಂದು ಅಡುಗೆ ಮಾಡುವುದು ಯಾವಾಗ? ನೀವೇ ಯೋಚಿಸಿ.

ಈದ್-ಉಲ್-ಫಿತ್ರ್ ಅಂದರೆ ಉಪವಾಸ ಬಿಡುವ ಹಬ್ಬ. ಅಂದು ಉಪವಾಸ ಇರುವಂತೆಯೇ ಇಲ್ಲ. ನಮಾಜಿಗೆ ಹೊರಡುವ ಮುಂಚೆ ಖರ್ಜೂರ ತಿಂದು ಹೋಗುವುದು ಸುನ್ನತ್. ಎಲ್ಲರೂ ಉಣ್ಣಬೇಕಾದ ದಿನ ಪಕ್ಕದ ಓಣಿಯಲ್ಲಿ ಒಲೆ ಉರಿಯದಿದ್ದರೆ ಅದೆಂಥ ಹಬ್ಬ? ಅದಕ್ಕೇ ಫಿತ್ರಾ. ಉಪವಾಸದ ದಿನಗಳಲ್ಲಿ ಆಡಿದ ಬೇಡದ ಮಾತಿನ ಕೊಳೆ ತೊಳೆಯುವುದು, ಬಡವರಿಗೆ ಊಟ ಒದಗಿಸುವುದು ಇದರ ಉದ್ದೇಶ ಎನ್ನುತ್ತದೆ ಹದೀಸ್. ನಮಾಜ್ ಮುಗಿದ ಮೇಲೆ ಕೊಟ್ಟದ್ದು ಬರೀ ಮಾಮೂಲಿ ದಾನ ಅಂತಲೂ ಹೇಳುತ್ತದೆ.

ಇದನ್ನು ಜಕಾತ್ ಜತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಜಕಾತ್ ವರ್ಷ ತುಂಬಿದ ಉಳಿತಾಯ, ಚಿನ್ನ-ಬೆಳ್ಳಿಯ ಮೇಲೆ ಶೇ 2.5. ಫಿತ್ರಾ ತಲೆ ಲೆಕ್ಕ.

ಇವು ನಿಮ್ಮ ಗಮನದಲ್ಲಿರಲಿ:

* ಮನೆಮಂದಿಯ ಪಟ್ಟಿ ಮಾಡಿ. ಉಪವಾಸ ಮಾಡಲಾಗದ ಅಜ್ಜಿ, ತಿಂಗಳು ಮುಗಿಯುವ ಮುನ್ನ ಹುಟ್ಟಿದ ಹಸುಗೂಸು ಕೂಡ ಲೆಕ್ಕಕ್ಕೆ ಸೇರುತ್ತಾರೆ.

* ಕರಾವಳಿಯ ಬ್ಯಾರಿ ಮನೆಗಳಲ್ಲಿ ತಲೆಗೆ ಸುಮಾರು 2.5ರಿಂದ 3 ಕೆ.ಜಿ. ಅಕ್ಕಿ ಅಳೆದು ಕೊಡುವ ರೂಢಿ. ಹನಫಿ ಪದ್ಧತಿಯವರು ಒಂದೂಮುಕ್ಕಾಲು ಕೆ.ಜಿ. ಆಸುಪಾಸು ಗೋಧಿ ಅಥವಾ ಅದರ ಬೆಲೆ ಕೊಡುತ್ತಾರೆ. ಈ ವರ್ಷದ ದರ ಎಷ್ಟೆಂದು ನಿಮ್ಮ ಮಸೀದಿಯಲ್ಲಿ ಕೇಳಿಕೊಳ್ಳಿ.

* ಹಬ್ಬಕ್ಕೆ ಎರಡು ಮೂರು ದಿನ ಮೊದಲೇ ತಲುಪಿಸಿ. ಆ ಮನೆಯ ತಾಯಿಯೂ ನಿಮ್ಮಂತೆ ಸಂತೆಗೆ ಹೋಗಿ ಬರಲಿ.

* ಮನೆಗೆಲಸದವಳ ಸಂಬಳಕ್ಕೋ ಹಬ್ಬದ ಇನಾಮಿಗೋ ಫಿತ್ರಾವನ್ನು ಹೊಂದಿಸಬೇಡಿ. ಅದು ಅವಳ ದುಡಿಮೆಯ ಹಣ, ಇದು ಬಡವರ ಹಕ್ಕು.

* ಹೆತ್ತವರಿಗೆ, ಸ್ವಂತ ಮಕ್ಕಳಿಗೆ ಫಿತ್ರಾ ಸಲ್ಲದು. ಕಷ್ಟದಲ್ಲಿರುವ ತಂಗಿಗೋ ಚಿಕ್ಕಮ್ಮನಿಗೋ ಕೊಡಬಹುದು. ಕೊಡುವಾಗ ಫಿತ್ರಾ ಅಂತ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. 'ಮಕ್ಕಳಿಗೆ ಈದಿ' ಎಂದರೆ ಸಾಕು, ಅವರೂ ತಲೆ ತಗ್ಗಿಸದೆ ತಗೋತಾರೆ.

ಇಷ್ಟು ಮಾಡಿ ಮುಗಿಸಿ, ಆಮೇಲೆ ನಿಶ್ಚಿಂತೆಯಿಂದ ಶ್ಯಾವಿಗೆ ಹುರಿಯಿರಿ. ಈದ್ ಮುಬಾರಕ್!