ತಲೆಯ ಮೇಲೆ 21 ಬಟ್ಟಲು

ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹಾಗಾಗಿ ಸುತ್ತಲಿನ ರೈತರಿಗೆ ಮಣ್ಣು ಪರೀಕ್ಷೆ ಹೊಸದಲ್ಲ. ಬದುವಿನ ಅಂಚು, ಗಿಡದ ನೆರಳು, ತಿಪ್ಪೆ ಹಾಕಿದ ಜಾಗ ಬಿಟ್ಟು ಹೊಲದ ಹಲವು ಕಡೆ ಗುಂಡಿ ತೋಡಿ, 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ಕೆರೆದು ತರಬೇಕು. ತಿಪ್ಪೆ ಮಗ್ಗುಲಿನ ಮಣ್ಣು ಒಯ್ದು ಕೊಟ್ಟರೆ ಎಂಥ ಪ್ರಯೋಗಾಲಯವೂ ಹೊಲದ ನಿಜ ಹೇಳಲಾರದು. ಮಿದುಳಿನ ಪರೀಕ್ಷೆಯೂ ಹಾಗೆಯೇ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ವರದಿಗೆ ಸಹಿ ಹಾಕುವವರು ನರರೋಗ ತಜ್ಞರು. ಅದಕ್ಕೆ ಮಣ್ಣು ಕೆರೆದು ತಂದವರು ಮಾತ್ರ ಟೆಕ್ನಿಷಿಯನ್. ಅವರ ಹೆಸರು ರೋಗಿಗೂ ಗೊತ್ತಿರುವುದಿಲ್ಲ.

ಮೂರ್ಛೆ ಬರುವವರನ್ನು ಕರೆದುಕೊಂಡು ಈ ಭಾಗದವರು ಗೋಕಾಕ ದಾಟಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುತ್ತಾರೆ, ಕೆಲವರು ಗಡಿಯಾಚೆಯ ಮೀರಜಿಗೂ ಹೋಗುತ್ತಾರೆ. ಅಷ್ಟರೊಳಗೆ ಕೈಗೆ ಕಬ್ಬಿಣ ಕೊಟ್ಟು, ಉಳ್ಳಾಗಡ್ಡಿ ಮೂಸಿಸಿ, ದೇವರನ್ನೂ ಕೇಳಿಸಿ ಆಗಿರುತ್ತದೆ. ವೈರುಗಳ ಗೊಂಚಲು ಕಂಡ ಕೂಡಲೇ ಮೊದಲ ಪ್ರಶ್ನೆ: ‘ಕರೆಂಟ್ ಹಚ್ಚತೀರೇನ್ರಿ?’ ಈ ಭಯ ಇಳಿಸುವುದೇ ಟೆಕ್ನಿಷಿಯನ್ನರ ಮೊದಲ ಕೆಲಸ. ಈ ಯಂತ್ರ ತಲೆಗೆ ಏನನ್ನೂ ಕೊಡುವುದಿಲ್ಲ, ತಲೆಯಲ್ಲಿ ಹುಟ್ಟುವುದನ್ನು ಹಿಡಿದಿಡುತ್ತದೆ ಅಷ್ಟೇ. ಹಿಡಿಯುವುದಾದರೂ ಎಷ್ಟು? ನೆತ್ತಿಯ ಮೇಲೆ ಸಿಗುವ ವಿದ್ಯುತ್ತು ಸುಮಾರು 50 ಮೈಕ್ರೋವೋಲ್ಟ್. ಬ್ಯಾಟರಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲಿನ 30,000ದಲ್ಲಿ ಒಂದು ಪಾಲು.

ಇಷ್ಟು ಸಣ್ಣದನ್ನು ಮನುಷ್ಯನ ತಲೆಯಿಂದ ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ಊರಿನ ವೈದ್ಯ ಹಾನ್ಸ್ ಬೆರ್ಗರ್, 1924ರಲ್ಲಿ. ನಂಬಿಕೆ ಬಾರದೆ ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿದರೆ ಸೆಕೆಂಡಿಗೆ 8ರಿಂದ 13 ಅಲೆ ಹಿಂದಲೆಯಲ್ಲಿ ಏಳುತ್ತವೆ, ಕಣ್ಣು ತೆರೆದರೆ ಅಡಗುತ್ತವೆ. ಅವರು ಕಂಡದ್ದನ್ನೇ ಇಂದಿನ ಟೆಕ್ನಿಷಿಯನ್ ದಿನಕ್ಕೆ ಹತ್ತಾರು ಸಲ ಕಾಣುತ್ತಾರೆ.

ಕೆಲಸದ ಜೀವ ಇರುವುದು ಅಳತೆಯಲ್ಲಿ. ದರ್ಜಿಯ ಟೇಪಿನಂಥದೇ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆಯುತ್ತಾರೆ. ಮುಂದಿನಿಂದ ಹಿಂದಕ್ಕೆ 36 ಸೆಂಟಿಮೀಟರ್ ಬಂದರೆ ಮೊದಲ ಗುರುತು 3.6ಕ್ಕೆ, ಆಮೇಲಿನವು 7.2 ಅಂತರಕ್ಕೆ. ಹತ್ತು–ಇಪ್ಪತ್ತು ಎಂಬ ಈ ಪದ್ಧತಿಯನ್ನು 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದರು. ತಲೆ ಸಣ್ಣದಿರಲಿ, ದೊಡ್ಡದಿರಲಿ, ಅದೇ ಪಾಲು. ಗುರುತು ಹಾಕಿದಲ್ಲಿ ಕೂದಲು ಸರಿಸಿ, ಚರ್ಮ ಉಜ್ಜಿ, ಪೇಸ್ಟ್ ತುಂಬಿದ ಪುಟ್ಟ ಬಟ್ಟಲು ಅಂಟಿಸಬೇಕು. ನೆತ್ತಿಗೆ 19, ಕಿವಿಗೆ ಎರಡು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಹೆರಳು ಬಂದರೆ ಅರ್ಧ ತಾಸು ಅಲ್ಲೇ ಹೋಯಿತು. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಬನ್ನಿ ಎನ್ನುವುದು ಇದಕ್ಕೇ.

ಆಮೇಲೆ ದಾಖಲೆಗೆ ನುಗ್ಗುವ ಬೇಡದ ಅಲೆಗಳ ಜೊತೆ ಕಾದಾಟ. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ಬೆವತರೆ ಪರದೆಯ ಗೆರೆ ಹಾರುತ್ತದೆ. ಗೋಡೆಯ ಪ್ಲಗ್ಗಿನ ಕರೆಂಟು ಸೆಕೆಂಡಿಗೆ 50 ಸಲ ನಡುಗಿ ದಾಖಲೆಯೊಳಗೆ ನುಸುಳುತ್ತದೆ. ಯಾವುದು ಮಿದುಳಿನದು, ಯಾವುದು ದವಡೆಯದು ಎಂದು ಆಗಿಂದಾಗಲೇ ಗುರುತಿಸಿ ಬರೆಯುತ್ತ ಹೋಗಬೇಕು. ‘ಕೆಮ್ಮಿದರು’, ‘ನುಂಗಿದರು’, ‘ನಿದ್ದೆಗೆ ಜಾರಿದರು’. ಮರುದಿನ ಓದುವ ತಜ್ಞರಿಗೆ ರೋಗಿ ಕಾಣುವುದು ಈ ಪುಟ್ಟ ಟಿಪ್ಪಣಿಗಳಲ್ಲಿಯೇ.

ನನಗೆ ಈ ಕಸುಬು ಅತ್ಯಂತ ದೊಡ್ಡದಾಗಿ ಕಾಣುವುದು ಮಕ್ಕಳ ಮುಂದೆ. ಅಡಗಿದ ಮೂರ್ಛೆ ಗೆರೆಯಲ್ಲಿ ಕಾಣಲೆಂದು ಮೂರು ನಿಮಿಷ ಜೋರಾಗಿ ಉಸಿರಾಡಿಸಬೇಕು. ಚಿಕ್ಕವರ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟು ಊದು ಎನ್ನುತ್ತಾರೆ. ಶಾಲೆಯಲ್ಲಿ ‘ಲಕ್ಷ್ಯವೇ ಇಲ್ಲ’ ಎಂದು ಪೆಟ್ಟು ತಿನ್ನುವ ಹುಡುಗಿ ಊದುತ್ತ ಊದುತ್ತ ತಟ್ಟನೆ ನಿಲ್ಲುತ್ತಾಳೆ. ಪರದೆಯ ಮೇಲೆ ಸೆಕೆಂಡಿಗೆ ಮೂರರಂತೆ ಚೂಪು ಗೆರೆ, ಅದರ ಬೆನ್ನಿಗೆ ಅಲೆ. ಟೆಕ್ನಿಷಿಯನ್ ಆ ಕ್ಷಣವೇ ‘ಆನೆ’ ಎನ್ನುತ್ತಾರೆ. ಹತ್ತು ಸೆಕೆಂಡಿನ ಮೇಲೆ ಗಿರಗಿಟ್ಲೆ ಮತ್ತೆ ತಿರುಗುತ್ತದೆ. ‘ನಾ ಏನಂದೆ?’ ಆಕೆಗೆ ನೆನಪಿಲ್ಲ. ಅದನ್ನೂ ಬರೆದಿಡುತ್ತಾರೆ. ಹುಡುಗಿಯದು ಅಲಕ್ಷ್ಯವಲ್ಲ, ಅರಿವು ತಪ್ಪುವ ಮೂರ್ಛೆ ಎಂಬುದಕ್ಕೆ ಆ ಒಂದು ಮಾತು ಸಾಕ್ಷಿ.

ನಾಡಿನಲ್ಲಿ ಈ ವಿದ್ಯೆಯ ದೊಡ್ಡ ಮನೆ ಬೆಂಗಳೂರಿನ ನಿಮ್ಹಾನ್ಸ್. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ, ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಮೂರ್ಛೆಯನ್ನು 279 ರೋಗಿಗಳಲ್ಲಿ ಅಭ್ಯಸಿಸಿ 1988ರಲ್ಲಿ ಲೋಕಕ್ಕೆ ತಿಳಿಸಿದವರು ಅಲ್ಲಿಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು. ಬೆಂಗಳೂರು ಸುತ್ತಿನ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರಂತೆ ಮೂರ್ಛೆ ಇದ್ದವರು ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ರೋಗಿಗಳು ಹಳ್ಳಿಯಲ್ಲಿ, ಬಟ್ಟಲು ಅಂಟಿಸುವ ಕೈಗಳು ಪಟ್ಟಣದಲ್ಲಿ. ಆರೋಗ್ಯ ಕ್ಷೇತ್ರದ ಪೂರಕ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆ ಇಇಜಿ ಟೆಕ್ನಾಲಜಿಸ್ಟರನ್ನು ಹೆಸರಿಟ್ಟು ಗುರುತಿಸಿದೆ. ಮೂಡಲಗಿ, ಗೋಕಾಕದ ಕಡೆಯ ವಿಜ್ಞಾನ ಓದಿದ ಹುಡುಗ ಹುಡುಗಿಯರು ಇತ್ತ ಹೊರಳಬೇಕೆಂದು ನನ್ನ ಆಸೆ. ‘ಕರೆಂಟ್ ಹಚ್ಚತೀರೇನ್ರಿ’ ಎಂಬ ಪ್ರಶ್ನೆಗೆ ಅದೇ ದನಿಯಲ್ಲಿ ಉತ್ತರ ಸಿಕ್ಕರೆ ರೋಗಿಯ ಹಣೆಯ ಬಿಗಿತ ಅರ್ಧ ಇಳಿಯುತ್ತದೆ, ಗೆರೆಯೂ ತಿಳಿಯಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಬಟ್ಟಲು ಒಂದೊಂದಾಗಿ ಬಿಡಿಸಿ, ಬೆಚ್ಚಗಿನ ನೀರಿನ ಹತ್ತಿಯಿಂದ ಪೇಸ್ಟ್ ಒರೆಸುತ್ತಾರೆ. ತಾಯಿ ಕೇಳುತ್ತಾಳೆ: ‘ಏನೈತ್ರೀ?’ ಕಂಡಿರುತ್ತದೆ, ಆದರೆ ಹೇಳುವ ಅಧಿಕಾರ ತಜ್ಞರದು. ‘ಚಲೋ ಮಾಡಿಸ್ಕೊಂಡ್ಳವ್ವಾ, ಡಾಕ್ಟರ್ ನೋಡಿ ಹೇಳ್ತಾರ’ ಎಂದು ಹುಡುಗಿಯ ಹಣೆಯ ಮೇಲೆ ಉಳಿದ ಪೆನ್ಸಿಲ್ಲಿನ ಕೆಂಪು ಗುರುತು ಒರೆಸುತ್ತಾರೆ.