ಲಿಂಗೈಕ್ಯರನ್ನು ಕುರಿತು ನುಡಿಯುವ ಬಗೆ

ಲಿಂಗೈಕ್ಯರಾದ ಆತ್ಮೀಯರನ್ನು ನೆನೆದು ನಾಲ್ಕು ಮಾತನಾಡುವ ಪದ್ಧತಿ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಇಂದು ಸರ್ವಸಾಮಾನ್ಯವಾಗಿದೆ. ಕ್ರಿಯಾಸಮಾಧಿಯ ಹೊತ್ತಿನಲ್ಲೋ, ಶಿವಗಣಾರಾಧನೆಯ ದಿನವೋ, ವರುಷದ ಪುಣ್ಯಸ್ಮರಣೆಯಂದೋ ಪೂಜ್ಯರ ಸಾನ್ನಿಧ್ಯದಲ್ಲಿ ಮನೆಯವರೊಬ್ಬರು ಎದ್ದು ನಿಲ್ಲುತ್ತಾರೆ. ಆದರೆ ಅಲ್ಲಿ ಕೇಳಿಬರುವ ನುಡಿಗಳು ಬಹುಮಟ್ಟಿಗೆ ಒಂದೇ ಎರಕದವು. ಅಗಲಿದವರು ಸರಳ ಸಜ್ಜನರು, ಪರೋಪಕಾರಿಗಳು. ಅವರ ಅಗಲಿಕೆ ತುಂಬಲಾರದ ಹಾನಿ. ದೇವರು ಅವರ ಆತ್ಮಕ್ಕೆ ಶಾಂತಿಯನ್ನು ಕರುಣಿಸಲಿ. ಹೆಸರೊಂದನ್ನು ಬದಲಿಸಿದರೆ ಈ ಮಾತುಗಳನ್ನು ಯಾರ ಮನೆಯ ಅಂಗಳದಲ್ಲಾದರೂ ಆಡಬಹುದು. ಹೇಳಬೇಕಾದುದು ಗಂಟಲಲ್ಲಿಯೇ ಉಳಿಯಿತೆಂಬ ಕೊರಗು ಆಡಿದವರನ್ನು ಬಹುಕಾಲ ಬಾಧಿಸುತ್ತದೆ.

ಮೊದಲಿಗೆ ಆ ಕೊನೆಯ ಹಾರೈಕೆಯನ್ನೇ ವಿಚಾರಿಸೋಣ. ಲಿಂಗದಲ್ಲಿ ಬೆರೆತು ಒಂದಾದವರು ಲಿಂಗೈಕ್ಯರು. ಹಾಗೆ ಬೆರೆತವರಿಗೆ ಬೇರೆ ಶಾಂತಿಯೊಂದನ್ನು ಬೇಡುವುದು ನಾವೇ ಬಳಸಿದ ಶಬ್ದವನ್ನು ನಾವೇ ನಂಬದಂತೆ. 'ಸ್ವರ್ಗಸ್ಥ'ವೆಂಬ ಮಾತೂ ಅಷ್ಟೆ. ಆಚಾರದಲ್ಲಿಯೇ ಸ್ವರ್ಗವನ್ನು ಕಂಡ ಶರಣರ ಹಾದಿಯವರಿಗೆ ಅದು ಒಪ್ಪುವುದಿಲ್ಲ. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮದಲ್ಲಿ ಮರಣಸೂತಕವೂ ಇಲ್ಲ. ಆದುದರಿಂದ ಪಾರ್ಥಿವ ಶರೀರದ ಮುಂದೆ ನಿಂತು ನೆನಹಿನ ನುಡಿಯಾಡಲು ಯಾವ ಅಡ್ಡಿಯೂ ಇಲ್ಲ, ದಿನವೆಣಿಸಿ ಕಾಯಬೇಕಾಗಿಯೂ ಇಲ್ಲ.

ಇನ್ನು ಹೊಗಳಿಕೆಯ ಮಾತು. ತಮ್ಮವರು ಪ್ರೀತಿಯಿಂದ ಮಾಡಿದ ಸ್ತುತಿಯನ್ನು ಬಸವಣ್ಣನವರು ಒಂದು ವಚನದಲ್ಲಿ ಚಿನ್ನದ ಶೂಲಕ್ಕೆ ಹೋಲಿಸಿ ನೊಂದುಕೊಳ್ಳುತ್ತಾರೆ. ಬದುಕಿರುವವನಾದರೆ ಬೇಡವೆಂದು ಕೈಯೆತ್ತಿ ತಡೆದಾನು, ಅಗಲಿದವನು ತಡೆಯಲಾರ. ಆದ್ದರಿಂದ ಅವನ ಪರವಾಗಿ ತಡೆಯುವ ಹೊಣೆ ನುಡಿಯುವವನದೇ. ಹಾಗಾದರೆ ಏನನ್ನು ಹೇಳಬೇಕು? ಈ ವ್ಯಕ್ತಿ ಇತರರೊಡನೆ ಹೇಗೆ ಬಾಳಿದನೆಂಬುದಕ್ಕೆ ತಾನು ಕಣ್ಣಾರೆ ಕಂಡ ಸಾಕ್ಷಿಯನ್ನು ಹೇಳಬೇಕೆಂಬುದು ನನ್ನ ಅಭಿಮತ.

ಇದಕ್ಕೆ ನಮ್ಮ ನೆಲದಲ್ಲಿಯೇ ಹಳೆಯ ಮೇಲ್ಪಂಕ್ತಿಯಿದೆ. ಬಾದಾಮಿಯ ತಟ್ಟುಕೋಟಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರದೆಂದು ಎಣಿಸಲಾದ ಕಪ್ಪೆ ಅರಭಟ್ಟನ ಶಾಸನವನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕನ್ನಡ ತ್ರಿಪದಿಯ ಪ್ರಾಚೀನ ರೂಪವೆಂದು ಅದನ್ನು ಪರೀಕ್ಷೆಗಾಗಿ ಓದುತ್ತೇವೆ; ಒಬ್ಬ ಮನುಷ್ಯನನ್ನು ಕುರಿತ ನುಡಿಯೆಂದು ಓದುವುದು ಕಡಿಮೆ. ಹತ್ತೇ ಸಾಲಿನ ಆ ಬರೆಹದಲ್ಲಿ ಆಳುವ ಅರಸನ ಹೆಸರಿಲ್ಲ, ಕಾಲದ ನಿರ್ದೇಶವಿಲ್ಲ, ವಂಶಾವಳಿಯಿಲ್ಲ. ಅಲ್ಲಿರುವುದು ಅವನು ಯಾರಿಗೆ ಹೇಗಿದ್ದನೆಂಬ ವಿಷಯ. ಒಳ್ಳೆಯವರೊಡನೆ ಒಳ್ಳೆಯವನು, ಸವಿಯಾಗಿ ನಡೆದವರೊಡನೆ ಸವಿಯಾದವನು, ಪೀಡಿಸಿದವರಿಗೆ ಮಾತ್ರ ಒಗ್ಗದವನು. ಅವನ ಕಾಠಿಣ್ಯವನ್ನು ಶಾಸನಕವಿ ಮುಚ್ಚಿಡಲಿಲ್ಲ. ಅವನನ್ನು ಕೆಣಕುವುದು ಕಟ್ಟಿಹಾಕಿದ ಸಿಂಹವನ್ನು ಬಿಚ್ಚಿಬಿಟ್ಟಂತೆಂದು ನೇರವಾಗಿಯೇ ಹೇಳಿದನು. ಸಾವು ಒಂದು ಕ್ಷಣದ ದುಃಖ, ಮಾನಹಾನಿ ದಿನದಿನದ ದುಃಖವೆಂಬ ಅರ್ಥದ ಸಂಸ್ಕೃತ ಶ್ಲೋಕವೂ ಅಲ್ಲಿದೆ. ಸುಮಾರು ಸಾವಿರದ ಮುನ್ನೂರು ವರ್ಷಗಳ ಮೇಲೆಯೂ ಆ ಮನುಷ್ಯ ನಮಗೆ ಪರಿಚಿತನೆನಿಸುವುದು ಈ ಕಾರಣದಿಂದಲೇ.

ಪರಿಚಿತರನ್ನು ಕುರಿತು ನುಡಿಯುವುದು ಒಂದು. ಒಡಲ ಅರ್ಧವೇ ಆದವರನ್ನು ಕುರಿತು ನುಡಿಯುವುದು ಇನ್ನೊಂದು. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರು ಐಕ್ಯರಾದರೆಂದೂ, ನೀಲಾಂಬಿಕೆಯವರು ಕೃಷ್ಣೆಯ ದಡದ ತಂಗಡಗಿಯಲ್ಲಿ ಐಕ್ಯರಾದರೆಂದೂ ಪರಂಪರೆ ಹೇಳುತ್ತದೆ. 'ಸಂಗಯ್ಯ' ಎಂಬ ಅಂಕಿತದ ಆ ತಾಯಿಯ ವಚನಗಳಲ್ಲಿ ಬಸವನ ನೆನಹು ತುಂಬಿದೆ. ಅವುಗಳಲ್ಲಿ ಕಲ್ಯಾಣದ ಪದವಿಯ ವರ್ಣನೆಯನ್ನಾಗಲಿ, ದಾಸೋಹದ ಲೆಕ್ಕವನ್ನಾಗಲಿ ಹುಡುಕಬಾರದು. ಬಸವನಿಲ್ಲದ ಮೇಲೆ ತಾನು ಏನಾದೆ, ತನ್ನ ಹೆಸರಿಗೂ ರೂಪಿಗೂ ಏನಾಯಿತು ಎಂಬುದೇ ಅವರ ವಿಷಯ. ಒಂದೆಡೆಯಂತೂ ಸತಿಪತಿಯೆಂಬ ಹೆಸರುಗಳು ಸಾಲದೆ, ಒಬ್ಬರಿಗೊಬ್ಬರು ಶಿಶುವಾದ ನಿಲವನ್ನು ಹೇಳುತ್ತಾರೆ. ತಂದೆತಾಯಿಯನ್ನೋ ಬಾಳಸಂಗಾತಿಯನ್ನೋ ಕಳೆದುಕೊಂಡವರು ನುಡಿಯಲು ನಿಂತಾಗ ಇದನ್ನು ನೆನೆಯಬೇಕು. ಅವರ ಸಾಧನೆಗಳ ಪಟ್ಟಿಯನ್ನು ಹೇಳಲು ಊರವರು ಇದ್ದಾರೆ. ಅವರಿಲ್ಲದೆ ನಮ್ಮ ಮನೆಯ ಬೆಳಗು ಹೇಗಾಗಿದೆಯೆಂಬುದನ್ನು ನಾವಲ್ಲದೆ ಬೇರಾರೂ ಹೇಳಲಾರರು.

ಅಕ್ಷರವರಿಯದ ನಮ್ಮ ಹೆಣ್ಣುಮಕ್ಕಳು ಈ ಕಲೆಯನ್ನು ಎಂದೋ ಬಲ್ಲರು. ಹೆಣದ ಮುಂದೆ ಕುಳಿತು ಹಾಡಿಕೊಂಡು ಅಳುವಾಗ ಅವರ ಬಾಯಲ್ಲಿ ಪರೋಪಕಾರಿ, ಸಜ್ಜನ ಎಂಬ ಶಬ್ದಗಳೇ ಬರುವುದಿಲ್ಲ. ಬಿತ್ತಿದ ಹೊಲ, ಕಟ್ಟಿದ ಎತ್ತು, ಪಂಚಮಿಗೆ ಕರೆಯಲು ಬರುತ್ತಿದ್ದ ಅಣ್ಣ, ತಂದುಕೊಟ್ಟ ಕುಬಸ ಇವೇ ಬರುತ್ತವೆ. ಇಳಕಲ್ಲಿನ ನೇಕಾರ ಮನೆಯ ತಾಯಿಯೊಬ್ಬಳನ್ನು ನೆನೆಯಬೇಕಾಗಿದೆಯೆನ್ನಿ. 'ನೇಯ್ಗೆಯ ಕಾಯಕದಲ್ಲಿ ನಿಷ್ಠೆಯುಳ್ಳವಳಾಗಿದ್ದಳು' ಎಂದರೆ ಕೇಳಿದವರು ತಲೆದೂಗಿ ಮರೆಯುತ್ತಾರೆ. ಸೀರೆಯ ಒಡಲಿನ ಹಾಸಿಗೂ ಟೋಪ್ ತೆನಿಯ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕುತ್ತ, ಮಡಿಲಲ್ಲಿ ಕೂಸನ್ನಿಟ್ಟುಕೊಂಡು, ಒಂದು ಎಳೆ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳೆಂದರೆ, ಮಗ್ಗದ ಸಪ್ಪಳ ಬಲ್ಲ ಆ ಊರಿನಲ್ಲಿ ಕಣ್ಣು ಒದ್ದೆಯಾಗದವರಿಲ್ಲ. ನಿಷ್ಠೆಯೆಂಬ ಶಬ್ದವನ್ನು ಹೇಳಬೇಕಾಗಿಯೇ ಬರುವುದಿಲ್ಲ.

ಕುಂದುಕೊರತೆಗಳ ಸಂಗತಿ ನಾಜೂಕಾದುದು. ಅಗಲಿದವರಲ್ಲಿ ಸಿಟ್ಟಿತ್ತು, ಸಾಲವಿತ್ತು, ಕುಡಿತವಿತ್ತು. ಸಭೆಯಲ್ಲಿ ಕುಳಿತವರೆಲ್ಲರಿಗೂ ಅದು ಗೊತ್ತು. ಆಗ 'ದೋಷರಹಿತ ಜೀವ' ಎಂದರೆ ಮಾತನಾಡಿದವನ ಉಳಿದ ಮಾತುಗಳೂ ಹುಸಿಯಾಗುತ್ತವೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳವರು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಹೊರಟರು. ಕಾಳುಕಡಿ, ಕಾಣಿಕೆಗಳ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಆ ಜೋಳಿಗೆ ಈ ಸೀಮೆಯಲ್ಲಿ ಒಂದು ಮಾತಿಗೆ ಎಡೆಮಾಡಿಕೊಟ್ಟಿದೆ. 'ನಮ್ಮ ಅಪ್ಪ ಕುಡಿಯುತ್ತಿದ್ದ, ಇಂಥ ದಿನ ಅದನ್ನು ಜೋಳಿಗೆಗೆ ಹಾಕಿದ' ಎಂದು ಮಗನೊಬ್ಬ ಸಭೆಯಲ್ಲಿ ತಲೆಯೆತ್ತಿ ಹೇಳಬಹುದಾಗಿದೆ. ಅಂಥ ಒಂದು ವಾಕ್ಯ ಹತ್ತು ಬಿರುದುಗಳಿಗಿಂತ ಮಿಗಿಲು. ಬಿಡದೆ ಹೋದವರ ವಿಷಯದಲ್ಲಿ? ಸುಳ್ಳಾಡುವುದು ಬೇಡ, ಎಲ್ಲವನ್ನೂ ಆಡುವುದೂ ಬೇಡ. ಅವರಿಂದ ನೊಂದ ಹೆಂಡತಿ ಎದುರಿಗೆ ಕುಳಿತಿದ್ದಾಳೆಂಬುದನ್ನು ಮರೆಯದೆ, ನಿಜವಾಗಿದ್ದ ಒಂದೆರಡು ಒಳಿತನ್ನು ಹೇಳಿ ಕುಳಿತುಬಿಡಬೇಕು. ಮಿತವಾದ ಮಾತನ್ನು ಸಭೆ ಅರ್ಥಮಾಡಿಕೊಳ್ಳುತ್ತದೆ.

ಬರೆಯುವ ಕ್ರಮವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹಿಂದಿನ ರಾತ್ರಿ ಮನೆಯ ನಾಲ್ವರನ್ನು ಕೂರಿಸಿಕೊಂಡು ಒಂದೊಂದು ನೆನಪನ್ನು ಕೇಳಿ. ಚಿಕ್ಕ ಮಕ್ಕಳನ್ನೂ, ಹೊಲದ ಆಳುಮಗನನ್ನೂ ಬಿಡಬೇಡಿ. ಬಂದುದರಲ್ಲಿ ಎರಡನ್ನೋ ಮೂರನ್ನೋ ಆರಿಸಿಕೊಂಡರೆ ಸಾಕು. ಅವ್ವ, ಮುತ್ಯಾ, ಕಾಕಾ ಎಂದು ಮನೆಯಲ್ಲಿ ಕರೆಯುತ್ತಿದ್ದಂತೆಯೇ ಬರೆಯಿರಿ. 'ಮಾತೃಶ್ರೀಯವರು' ಎಂದೊಡನೆ ಆಕೆ ದೂರ ಸರಿಯುತ್ತಾಳೆ. ಅವರು ಆಡುತ್ತಿದ್ದ ಮಾತೊಂದನ್ನು ಹುನಗುಂದದ ಆಡುನುಡಿಯಲ್ಲಿದ್ದರೆ ಹಾಗೆಯೇ ಇಡಿ, ಗ್ರಂಥಭಾಷೆಗೆ ತಿದ್ದಲು ಹೋಗಬೇಡಿ. ಮೂವತ್ತೈದು ವರ್ಷ ಮಕ್ಕಳ ಪ್ರಬಂಧ ತಿದ್ದಿದ ನನ್ನಂಥವನ ಬಾಯಿಂದ ಈ ಮಾತು ಬರುವುದು ಕೆಲವರಿಗೆ ವಿನೋದವೆನಿಸೀತು! ವಚನವೊಂದನ್ನು ಹೇಳುವುದಾದರೆ ಒಂದೇ ಸಾಕು, ಅದೂ ಅಗಲಿದವರ ಬಾಯಲ್ಲಿ ನಲಿದುದಾದರೆ ಮಾತ್ರ.

ನುಡಿಯುವಾಗ ಪೂಜ್ಯರಿಗೂ ಶರಣಬಂಧುಗಳಿಗೂ ಒಂದೇ ವಾಕ್ಯದಲ್ಲಿ ವಂದನೆ ಸಲ್ಲಿಸಿ ವಿಷಯಕ್ಕೆ ಬರಬೇಕು. ವೇದಿಕೆಯ ಮೇಲಿನ ಎಲ್ಲರ ಹೆಸರನ್ನೂ ಹೇಳುತ್ತ ಹೋದರೆ ಅಗಲಿದವರ ಸರದಿ ಬರುವಷ್ಟರಲ್ಲಿ ಪ್ರಸಾದದ ಹೊತ್ತಾಗಿರುತ್ತದೆ. ದಪ್ಪಕ್ಷರದಲ್ಲಿ ಬರೆದ ಎರಡು ಹಾಳೆ, ಆರೇಳು ನಿಮಿಷ, ಅದಕ್ಕೆ ಮೀರಬಾರದು. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದರೆ ದನಿ ಎಲ್ಲಿ ಒಡೆಯುತ್ತದೆಂಬುದು ತಿಳಿಯುತ್ತದೆ. ಆ ಸಾಲಿನ ಮುಂಚೆ ಉಸಿರೆಳೆದುಕೊಳ್ಳಲು ಗುರುತು ಹಾಕಿಕೊಳ್ಳಿ. ಆದಾಗ್ಯೂ ದುಃಖ ಉಮ್ಮಳಿಸಿ ಬಂದರೆ ನಿಲ್ಲಿಸಿ, ನೀರು ಕುಡಿಯಿರಿ, ಕ್ಷಮೆ ಬೇಡುವ ಅಗತ್ಯವಿಲ್ಲ. ಹಾಳೆಯ ಪ್ರತಿಯೊಂದು ಸೋದರಮಾವನ ಕೈಯಲ್ಲೋ ಅಳಿಯನ ಕೈಯಲ್ಲೋ ಇರಲಿ. ನಿಮ್ಮಿಂದ ಆಗದಿದ್ದರೆ ಅವರು ಮುಂದುವರಿಸುತ್ತಾರೆ.

ಓದಿದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬರುವವರೇ ಹೆಚ್ಚು. ಅದರ ಮೇಲೆ ದಿನಾಂಕವನ್ನೂ ಬರೆದವರ ಹೆಸರನ್ನೂ ಬರೆದು ಮನೆಯಲ್ಲಿರಿಸಬೇಕು. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಓಣಿಗಳನ್ನೂ ನದಿದಡದ ಹಳ್ಳಿಗಳನ್ನೂ ಬಿಟ್ಟು ನವನಗರಕ್ಕೋ ಪುನರ್ವಸತಿ ಕೇಂದ್ರಗಳಿಗೋ ಬಂದ ಮನೆತನಗಳು ನಮ್ಮಲ್ಲಿ ಬಹಳ. ಅಂಥ ಮನೆಯ ಹಿರಿಯರನ್ನು ನೆನೆಯುವಾಗ ಅವರು ಹುಟ್ಟಿದ ಓಣಿ, ನೀರು ತರುತ್ತಿದ್ದ ಬಾವಿ, ಉತ್ತ ಹೊಲದ ಹೆಸರು, ಅವರ ತಂದೆತಾಯಿಗಳ ಸಮಾಧಿಯಿದ್ದ ಜಾಗ ಇಷ್ಟನ್ನೂ ಆ ಹಾಳೆಯಲ್ಲಿ ತಪ್ಪದೆ ಸೇರಿಸಬೇಕು.